ಉರಿಯದ ಟ್ಯೂಬ್‌ಲೈಟು ತಿಪ್ಪೆಗೆ ಬೇಡ



ಕಳೆದ ಬೇಸಿಗೆಯಲ್ಲಿ ಚರ್ಚಿನ ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆಸಿ ಎಲ್.ಇ.ಡಿ. ದೀಪಗಳನ್ನು ಹಾಕಿಸಿದೆವು. ಇಳಿಸಿದ ಕೊಳವೆಗಳು ಒಟ್ಟು 16. "ಹಿಂದುಗಡೆ ಗುಂಡಿಗೆ ಹಾಕಿಬಿಡಪ್ಪ" ಎಂದು ಕೆಲಸದ ಹುಡುಗನಿಗೆ ಹೇಳಿದವನು ನಾನೇ. ಸಂಜೆ ಧರ್ಮೋಪದೇಶದ ತರಗತಿಗೆ ಬಂದ ಮಕ್ಕಳು ಅವನ್ನೇ ಕತ್ತಿ ಮಾಡಿಕೊಂಡು ಯುದ್ಧ ಹೂಡಿದರು. ಟಪ್ಪೆಂದು ಒಡೆದಾಗ ಏಳುವ ಬಿಳಿ ಪುಡಿ ಅವರಿಗೆ ಮೋಜು. ಒಬ್ಬ ಹುಡುಗನ ಅಂಗೈ ಕೊಯ್ದು ರಕ್ತ ಸುರಿದಾಗಲೇ ನನಗೆ ಎಚ್ಚರವಾಯಿತು. ಗಾಯ ವಾರದಲ್ಲಿ ಮಾಯಿತು. ಆದರೆ ಆ ಪುಡಿಯ ಜೊತೆ ಏನಿತ್ತೆಂದು ತಿಳಿದ ಮೇಲೆ, ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕೊಳವೆಯೊಳಗೆ ಏನಿದೆ?

ಒಳಗೆ ತಂತಿ ಕಾಣುವ ಹಳೆಯ ಬಲ್ಬಿನಲ್ಲಿ ಪಾದರಸವಿಲ್ಲ. ಎಲ್.ಇ.ಡಿ. ದೀಪದಲ್ಲಿಯೂ ಇಲ್ಲ. ಉದ್ದನೆಯ ಗಾಜಿನ ಟ್ಯೂಬ್‌ಲೈಟು ಹಾಗೂ ಸುರುಳಿಯಂತೆ ಇಲ್ಲವೆ ಬಾಗಿದ ಕಡ್ಡಿಗಳಂತೆ ಕಾಣುವ ಸಿ.ಎಫ್.ಎಲ್. ಬಲ್ಬು, ಈ ಎರಡರಲ್ಲಿ ಇದೆ. ವಿದ್ಯುತ್ ಹರಿದಾಗ ಪಾದರಸದ ಆವಿಯಿಂದ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೊರಡುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಬೆಳಕಾಗಿ ಮಾರ್ಪಡಿಸುತ್ತದೆ.

ಹಾಗೆಂದು ಗಾಬರಿ ಬೇಡ. ಒಂದು ಸಿ.ಎಫ್.ಎಲ್. ಬಲ್ಬಿನಲ್ಲಿರುವ ಪಾದರಸ ಸಾಮಾನ್ಯವಾಗಿ 5 ಮಿಲಿಗ್ರಾಂಗಿಂತ ಕಡಿಮೆ. ಜ್ವರ ನೋಡುವ ಗಾಜಿನ ಥರ್ಮಾಮೀಟರಿನಲ್ಲಿ ಅದರ ನೂರು ಪಟ್ಟು ಇರುತ್ತದೆ. ಬಲ್ಬು ಇಡಿಯಾಗಿರುವ ತನಕ ಅದರಿಂದ ಯಾವ ಕೇಡೂ ಇಲ್ಲ. ಒಡೆದಾಗ ಮಾತ್ರ ಪಾದರಸ ಆವಿಯಾಗಿ ಉಸಿರಿನೊಡನೆ ಒಳಹೋಗುತ್ತದೆ. ಹೀಗೆ ಹೆಚ್ಚು ಕಾಲ ಸೇವಿಸಿದರೆ ನರಗಳಿಗೂ ಮೂತ್ರಪಿಂಡಕ್ಕೂ ಹಾನಿ. ಕೈ ನಡುಗುತ್ತದೆ, ನೆನಪು ಕುಂದುತ್ತದೆ. ಗರ್ಭಿಣಿಯರು ಮತ್ತು ಎಳೆಯ ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ.

ಇನ್ನೊಂದು ಮಾತು. ಪಾದರಸ ಮೂಲಧಾತು. ಅದು ಸಗಣಿಯಂತೆ ಕೊಳೆಯುವುದಿಲ್ಲ, ಕಸದಂತೆ ಸುಟ್ಟು ಬೂದಿಯಾಗುವುದಿಲ್ಲ. ಬೆಂಕಿಗೆ ಹಾಕಿದರೆ ಆವಿಯಾಗಿ ಗಾಳಿ ಸೇರಿ, ಮತ್ತೆ ಮಣ್ಣಿಗೂ ನೀರಿಗೂ ಇಳಿಯುತ್ತದೆ. ಕೆರೆಯ ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರವಾದ ವಿಷವಾಗಿ ಮಾರ್ಪಡಿಸುತ್ತವೆ, ಅದು ಮೀನಿನ ಮೈ ಸೇರುತ್ತದೆ. ಜಪಾನಿನ ಮಿನಮಾಟ ಎಂಬ ಊರಿನಲ್ಲಿ ಕಾರ್ಖಾನೆಯೊಂದು ಕಡಲಿಗೆ ಬಿಟ್ಟ ಇಂಥದೇ ವಿಷ ಮೀನಿನ ಮೂಲಕ ಜನರನ್ನು ಸೇರಿತು. 1956ರಲ್ಲಿ ಆ ರೋಗ ಬೆಳಕಿಗೆ ಬಂತು.

ಕೊಡೈಕನಾಲ್ ಕಲಿಸಿದ ಪಾಠ

ಅಷ್ಟು ದೂರ ಏಕೆ, ನಮ್ಮ ರಾಜ್ಯದ್ದೇ ಬೆಟ್ಟದ ಊರು ಕೊಡೈಕನಾಲ್. ಅಲ್ಲಿ 1983ರಿಂದ ಥರ್ಮಾಮೀಟರ್ ಕಾರ್ಖಾನೆಯೊಂದು ನಡೆಯುತ್ತಿತ್ತು. ಕೊನೆಯಲ್ಲಿ ಅದು ಹಿಂದೂಸ್ತಾನ್ ಲೀವರ್ ಕಂಪನಿಯ ಕೈಯಲ್ಲಿತ್ತು. 2001ರಲ್ಲಿ ಪಾದರಸ ಮೆತ್ತಿದ ಒಡೆದ ಗಾಜು ಟನ್‌ಗಟ್ಟಲೆ ಊರೊಳಗಿನ ಗುಜರಿ ಅಂಗಡಿಯಲ್ಲಿ ಬಿದ್ದಿರುವುದು ಪತ್ತೆಯಾಯಿತು. ಊರವರೂ ಪರಿಸರ ಕಾರ್ಯಕರ್ತರೂ ದನಿಯೆತ್ತಿದರು, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳುಹಿಸಬೇಕಾಯಿತು. ಹಳೆಯ ಕೆಲಸಗಾರರಿಗೆ, 591 ಮಂದಿಗೆ, ಕಂಪನಿಯೊಡನೆ ರಾಜಿಯಾದದ್ದು 2016ರಲ್ಲಿ.

ನಮ್ಮ ಮನೆಯ ಬಲ್ಬಿಗೂ ಆ ಕಾರ್ಖಾನೆಗೂ ಹೋಲಿಕೆಯಿಲ್ಲ, ನಿಜ. ಆದರೆ ದಾರಿ ಒಂದೇ: ಬೇಡವಾದ ಗಾಜು ಗುಜರಿಗೆ. ಗುಜರಿಯವರು ತುದಿಯ ಅಲ್ಯೂಮಿನಿಯಂ ಟೊಪ್ಪಿಗಾಗಿ ಕೊಳವೆಯನ್ನು ಒಡೆಯುತ್ತಾರೆ. ದಿನವಿಡೀ ಆ ಆವಿ ಕುಡಿಯುವವರು ಅವರು, ಅವರ ಮಕ್ಕಳು.

ನಮ್ಮ ತಿಪ್ಪೆ, ನಮ್ಮ ಹೊಲ

ಪಟ್ಟಣದಲ್ಲಿ ಕಸದ ಗಾಡಿ ಬರುತ್ತದೆ. ತಾಳವಾಡಿಯ ಹಳ್ಳಿಗಳಲ್ಲಿ ಹಿತ್ತಲ ತಿಪ್ಪೆಯೇ ಗತಿ. ಆ ತಿಪ್ಪೆ ಮಳೆಗೆ ಮುಂಚೆ ಗಾಡಿಯೇರಿ ಹೊಲಕ್ಕೆ ಹೋಗುತ್ತದೆ. ಅಲ್ಲಿ ಅರಿಶಿನ ನೆಡುವ, ಆಲೂಗಡ್ಡೆ ಕೀಳುವ, ಕೋಸಿನ ಕಳೆ ತೆಗೆಯುವ ಕೈಗಳು ನಮ್ಮ ಅಕ್ಕತಂಗಿಯರವು. ಚೂರು ಎತ್ತಿನ ಗೊರಸಿಗೂ ನೆಡುತ್ತದೆ. ಗಾಜನ್ನು ಆಯಬಹುದು, ಪಾದರಸವನ್ನು ಆಯುವವರು ಯಾರು? ಮಳೆ ನೀರಿನೊಡನೆ ಅದು ಹಳ್ಳಕ್ಕೂ ಇಳಿಯುತ್ತದೆ.

ಹೊಲಕ್ಕೆ ಪಾದರಸ ಹೊಸದೂ ಅಲ್ಲ. ಆಲೂಗಡ್ಡೆ ಬೀಜ, ಕಬ್ಬಿನ ತುಂಡು ಅದ್ದಲು ಬಳಸುತ್ತಿದ್ದ ಎಮಿಸಾನ್ ಪುಡಿ ಪಾದರಸದ ಔಷಧ. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಅಟ್ಟದ ಮೇಲೆ ಹಳೆಯ ಪೊಟ್ಟಣ ಉಳಿದಿದ್ದರೆ ಮುಟ್ಟದೆ ಕೃಷಿ ಕಚೇರಿಯಲ್ಲಿ ವಿಚಾರಿಸಿ.

2009ರಲ್ಲಿ ಬಂದ ಬಚತ್ ಲ್ಯಾಂಪ್ ಯೋಜನೆ 15 ರೂಪಾಯಿಗೆ ಸಿ.ಎಫ್.ಎಲ್. ಬಲ್ಬು ಕೊಡಿಸಿತು. 2015ರಿಂದ ಉಜಾಲಾ ಯೋಜನೆಯ ಎಲ್.ಇ.ಡಿ. ಬಂತು. ಮನೆಬಳಕೆಯ ಪಾದರಸದ ದೀಪಗಳ ತಯಾರಿಕೆಯನ್ನು 2027ರ ಹೊತ್ತಿಗೆ ಕೊನೆಗಾಣಿಸಲು 2023ರಲ್ಲಿ ದೇಶಗಳು ಒಪ್ಪಿಕೊಂಡವು. ಅಂದರೆ ಉಳಿದಿರುವುದು ನಮ್ಮ ಅಟ್ಟ, ಕೊಟ್ಟಿಗೆ, ಪಂಪ್‌ಸೆಟ್ ಮನೆಗಳಲ್ಲಿರುವ ಕೊನೆಯ ಕೊಳವೆಗಳು. ಇವನ್ನು ಸರಿಯಾಗಿ ಸಾಗಿಸಿದರೆ ಕೆಲಸ ಮುಗಿಯಿತು.

ಏನು ಮಾಡಬೇಕು?

1. ಕೆಟ್ಟ ಬಲ್ಬನ್ನು ಒಡೆಯಬೇಡಿ, ಸುಡಬೇಡಿ, ಹೂಳಬೇಡಿ, ಪಾಳುಬಾವಿಗೆ ಎಸೆಯಬೇಡಿ, ಗುಜರಿಗೆ ಕೊಡಬೇಡಿ.
2. ಹೊಸ ಬಲ್ಬಿನ ರಟ್ಟಿನ ಪೆಟ್ಟಿಗೆಯಲ್ಲೇ ಹಳೆಯದನ್ನು ಇಡಿ. ಟ್ಯೂಬುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ ಇರಿಸಿ.
3. ಗಾಜಿನ ಥರ್ಮಾಮೀಟರ್ ಒಡೆದರೆ ಬೆಳ್ಳಿಯ ಗುಂಡುಗಳಂತಹ ಪಾದರಸವನ್ನು ಮಕ್ಕಳಿಗೆ ಆಡಲು ಬಿಡಬೇಡಿ.

ಮನೆಯಲ್ಲಿ ಒಡೆದರೆ

1. ಫ್ಯಾನ್ ನಿಲ್ಲಿಸಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಕಾಲು ಗಂಟೆ ಹೊರಗಿರಿ. ಮಕ್ಕಳನ್ನು, ಗರ್ಭಿಣಿಯರನ್ನು ಒಳಗೆ ಬಿಡಬೇಡಿ.
2. ಪೊರಕೆಯಿಂದ ಗುಡಿಸಬೇಡಿ, ಪುಡಿ ಹರಡುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎರಡು ರಟ್ಟಿನ ತುಂಡುಗಳಿಂದ ಚೂರುಗಳನ್ನು ಎತ್ತಿ.
3. ಸಣ್ಣ ಚೂರುಗಳನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ. ಸಗಣಿ ಸಾರಿಸಿದ ನೆಲವಾದರೆ ಆ ಜಾಗದ ಮೇಲ್ಮಣ್ಣನ್ನು ತೆಳುವಾಗಿ ಕೆರೆದು ತೆಗೆಯಿರಿ.
4. ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ ಭದ್ರವಾಗಿ ಮುಚ್ಚಿ ಮನೆಯ ಹೊರಗಿಡಿ. ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಎಲ್ಲಿಗೆ ಕೊಡುವುದು?

2016ರ ಕೇಂದ್ರ ನಿಯಮಗಳು ಟ್ಯೂಬ್‌ಲೈಟು, ಸಿ.ಎಫ್.ಎಲ್. ಮತ್ತು ಒಡೆದ ಥರ್ಮಾಮೀಟರುಗಳನ್ನು ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿ, ಬೇರೆಯಾಗಿಯೇ ಒಪ್ಪಿಸಬೇಕೆಂದವು. ಅನುಮತಿ ಪಡೆದ ಘಟಕಗಳಲ್ಲಿ ಇವನ್ನು ಮುಚ್ಚಿದ ಯಂತ್ರದೊಳಗೆ ಪುಡಿಮಾಡಿ, ಗಾಜು, ಲೋಹ, ಪಾದರಸಗಳನ್ನು ಬೇರ್ಪಡಿಸುತ್ತಾರೆ. ಆದರೆ ಒಂದು ಬಲ್ಬು ಹಿಡಿದುಕೊಂಡು ದಿಂಬಂ ಘಾಟಿ ಇಳಿಯಲು ಯಾರಿಗೆ ಸಾಧ್ಯ?

ಆದ್ದರಿಂದ ಈ ತಿಂಗಳಿನಿಂದ ಗುರುನಿವಾಸದ ಜಗಲಿಯಲ್ಲಿ ಮುಚ್ಚಳದ ಮರದ ಪೆಟ್ಟಿಗೆಯೊಂದನ್ನು ಇಡುತ್ತಿದ್ದೇವೆ. ಭಾನುವಾರ ಬರುವಾಗ ಕೆಟ್ಟ ಬಲ್ಬುಗಳನ್ನು ಇಡಿಯಾಗಿ ತನ್ನಿ. ಯಾವ ಮತದ ನೆರೆಹೊರೆಯವರಾದರೂ ಸರಿ, ಅವರಿಂದಲೂ ತನ್ನಿ. ಪೆಟ್ಟಿಗೆ ತುಂಬಿದಾಗ, ಘಾಟಿಯ 27 ತಿರುವುಗಳಲ್ಲಿ ಒಡೆಯದಂತೆ ಕಟ್ಟಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ಘಟಕಕ್ಕೆ ತಲುಪಿಸುವುದು ನಮ್ಮ ಹೊಣೆ.

ಆ 16ರಲ್ಲಿ ಒಡೆಯದೆ ಉಳಿದ 9 ಕೊಳವೆಗಳನ್ನು ಗುಂಡಿಯಿಂದ ನಾನೇ ಎತ್ತಿ ತಂದಿದ್ದೇನೆ. ಪೆಟ್ಟಿಗೆಗೆ ಮೊದಲು ಬೀಳುವವು ಅವೇ.