ಹಸುಗಳೂ ಹೊಲವೂ ಒಳಬಂದ ಬ್ಯಾಂಕು

ಅಮೆರಿಕದ ಮಿನ್ನೆಸೋಟ ರಾಜ್ಯದ ಒವಟೋನ, ಮಿನಿಯಾಪೊಲಿಸ್ ನಗರದಿಂದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದೂರದ ಪೇಟೆ. ಬೇಸಾಯ, ಹೈನುಗಾರಿಕೆಯನ್ನು ನೆಚ್ಚಿ ಬೆಳೆದ ಈ ಊರಿಗೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಹುಡುಕಿಕೊಂಡು ಬರುತ್ತಾರೆ. ಅವರನ್ನು ಸೆಳೆಯುವುದು ಉದ್ಯಾನದ ಎದುರಿನ ಮೂಲೆಯಲ್ಲಿರುವ ನ್ಯಾಷನಲ್ ಫಾರ್ಮರ್ಸ್ ಬ್ಯಾಂಕ್ ಕಟ್ಟಡ.

ಆ ಕಾಲದಲ್ಲಿ ಬ್ಯಾಂಕು ಎಂದರೆ ಗ್ರೀಕ್ ದೇಗುಲದಂತೆ ಕಂಬ ನಿಲ್ಲಿಸುವುದು ವಾಡಿಕೆ. ಬ್ಯಾಂಕಿನ ಉಪಾಧ್ಯಕ್ಷ ಕಾರ್ಲ್ ಬೆನೆಟ್ ಅವರಿಗೆ ಅದು ಹಿಡಿಸಲಿಲ್ಲ. ಸಂಗೀತದಲ್ಲಿ ಆಸಕ್ತಿಯಿದ್ದ, ಹಾರ್ವರ್ಡ್‌ನಲ್ಲಿ ಓದಿ ಬಂದ ಬೆನೆಟ್, 1906ರಲ್ಲಿ ಪತ್ರಿಕೆಯೊಂದರಲ್ಲಿ ಲೂಯಿ ಸಲಿವನ್ ಅವರ ಲೇಖನ ಓದಿ ಅವರಿಗೇ ಕೆಲಸ ಒಪ್ಪಿಸಿದರು. ಗಗನಚುಂಬಿ ಕಟ್ಟಡಗಳಿಗೆ ರೂಪ ಕೊಟ್ಟು ಹೆಸರಾಗಿದ್ದ, ಫ್ರಾಂಕ್ ಲಾಯ್ಡ್ ರೈಟ್ ಅವರ ಗುರುವೂ ಆಗಿದ್ದ ಸಲಿವನ್‌ಗೆ ಆಗ ಷಿಕಾಗೊದಲ್ಲಿ ಕೆಲಸವೇ ಕಡಿಮೆಯಾಗಿತ್ತು. ಸಹಾಯಕ ಜಾರ್ಜ್ ಎಲ್ಮ್‌ಸ್ಲಿ ಜೊತೆಗೂಡಿ ಅವರು ಮಾಡಿದ ವಿನ್ಯಾಸ 1908ರಲ್ಲಿ ಕಟ್ಟಡವಾಗಿ ನಿಂತಿತು.

ಹೊರಗಿನಿಂದ ನೋಡಿದರೆ ಅದೊಂದು ಗಟ್ಟಿ ಚೌಕ. ಕೆಳಗೆ ಕೆಂಗಂದು ಮರಳುಗಲ್ಲು, ಮೇಲೆ ಬಗೆಬಗೆಯ ಕೆಂಪು ಛಾಯೆಯ ಇಟ್ಟಿಗೆ. ಬೀದಿಗೆ ಮುಖಮಾಡಿದ ಎರಡೂ ಗೋಡೆಗಳಲ್ಲಿ 36 ಅಡಿ ಅಗಲದ ಒಂದೊಂದು ಕಮಾನು, ಅದರ ತುಂಬ ಬಣ್ಣದ ಗಾಜು. ಸುತ್ತಲೂ ಹಸಿರು ಟೆರಾಕೋಟಾದ ಪಟ್ಟಿ. ಅದರಲ್ಲಿ ಎಲೆ, ಬಳ್ಳಿ, ಮೊಗ್ಗುಗಳು ಹೆಣೆದುಕೊಂಡಿವೆ. ಬೀಜವೊಂದು ಒಡೆದು ಹರಡುವ ಬಗೆಯೇ ಸಲಿವನ್ ಅವರ ಅಲಂಕಾರಕ್ಕೆ ಮೂಲ.

ಒಳಗೆ ಎತ್ತರದ ಒಂದೇ ಪಡಸಾಲೆ. ಬಣ್ಣಗಾಜಿನಿಂದ ಸೋಸಿ ಬರುವ ಬೆಳಕಿಗೆ ಹೊಂದುವಂತೆ ಕಲಾವಿದ ಲೂಯಿ ಮಿಲೆಟ್ ಗೋಡೆಗಳಿಗೆ ಬಣ್ಣ ಹಚ್ಚಿಸಿದರು. ಮೇಲಿನಿಂದ ತೂಗುವ ನಾಲ್ಕು ಎರಕದ ದೀಪಗುಚ್ಛಗಳಲ್ಲಿ ಒಂದೊಂದೂ ಎರಡು ಟನ್ನಿಗೂ ಹೆಚ್ಚು ಭಾರ. ಆಸ್ಕರ್ ಗ್ರಾಸ್ ಬರೆದ ಭಿತ್ತಿಚಿತ್ರಗಳಲ್ಲಿ ಇರುವುದು ಮೇಯುವ ಹಸುಗಳು ಮತ್ತು ಸುಗ್ಗಿ. ರೈತರು ಕೂತು ಮಾತಾಡಲು ಒಂದು ಕೋಣೆ, ಪೇಟೆಗೆ ಬಂದ ಹೆಂಗಸರಿಗೆ ಇನ್ನೊಂದು. ಪಕ್ಕದಲ್ಲೇ ಬಾಡಿಗೆಗೆ ಮಳಿಗೆಗಳು, ಕಚೇರಿಗಳು. ಸಾಲ ಕೇಳಲು ಬಂದವನು ಕಂಬಗಳ ಕೆಳಗೆ ಕುಗ್ಗಿ ನಿಲ್ಲುವ ಬದಲು ತನ್ನದೇ ಬದುಕಿನ ಚಿತ್ರದ ಎದುರು ನಿಲ್ಲುತ್ತಿದ್ದ. ಈ ಕಟ್ಟಡದ ಹೆಚ್ಚುಗಾರಿಕೆ ಇರುವುದು ಇಲ್ಲಿ.

ಆದರೆ ರೈತನನ್ನು ನಂಬಿದ ಬ್ಯಾಂಕು ರೈತನ ಕಷ್ಟದಲ್ಲೂ ಪಾಲುದಾರನೇ. ಮೊದಲ ಮಹಾಯುದ್ಧದ ಬಳಿಕ ಬೆಳೆಯ ಬೆಲೆ ಕುಸಿಯಿತು. 1926ರಲ್ಲಿ ಬ್ಯಾಂಕು ಬಾಗಿಲು ಹಾಕಿತು. ಅದಕ್ಕೆ ಎರಡು ವರ್ಷ ಮೊದಲೇ ಸಲಿವನ್ ಷಿಕಾಗೊದ ಹೋಟೆಲ್ ಕೋಣೆಯೊಂದರಲ್ಲಿ ಬಡತನದಲ್ಲಿ ತೀರಿಕೊಂಡಿದ್ದರು. ಕಟ್ಟಡ ಬೇರೆ ಬ್ಯಾಂಕಿನ ಕೈಸೇರಿತು. 1940ರ ನವೀಕರಣದಲ್ಲಿ ಹಣಪಾವತಿ ಕಟಕಟೆಗಳ ಮೂಲ ಜಾಲರಿಗಳು ಕಿತ್ತುಹೋದವು. 1950ರ ದಶಕದ ಕೊನೆಗೆ ವಾಸ್ತುಶಿಲ್ಪಿ ಹಾರ್ವೆಲ್ ಹ್ಯಾಮಿಲ್ಟನ್ ಹ್ಯಾರಿಸ್ ಉಳಿದುದನ್ನು ಜೋಪಾನವಾಗಿ ಸರಿಪಡಿಸಿದರು.

ಒವಟೋನದ ಕೆಲಸದ ನಂತರ ತಮ್ಮ ಕೊನೆಯ ವರ್ಷಗಳಲ್ಲಿ ಸಲಿವನ್ ಇನ್ನೂ ಹಲವು ಸಣ್ಣ ಊರುಗಳಿಗೆ ಬ್ಯಾಂಕು ಕಟ್ಟಿಕೊಟ್ಟಿದ್ದರು. ಒಡವೆಪೆಟ್ಟಿಗೆಗಳೆಂದೇ ಅವು ಹೆಸರಾಗಿವೆ. ಒವಟೋನದ ಈ ಕಟ್ಟಡ 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆನಿಸಿತು. 1981ರಲ್ಲಿ ಅಮೆರಿಕದ ಅಂಚೆ ಇಲಾಖೆ ದೇಶದ ವಾಸ್ತುಶಿಲ್ಪವನ್ನು ಕುರಿತ ಅಂಚೆಚೀಟಿ ಮಾಲೆಗೆ ಸಲಿವನ್ ಅವರ ಕೃತಿಯಾಗಿ ಆರಿಸಿದ್ದು ಗಗನಚುಂಬಿಯನ್ನಲ್ಲ, ಈ ರೈತರ ಬ್ಯಾಂಕನ್ನು.