ಮೇಲಣ ವಾಯುಮಂಡಲದ ಉಷ್ಣಮಾನವೂ ಲೇಸರ್ ರಶ್ಮಿಯೂ

ಭೂವಾಯುವು ಹನ್ನೆರಡು ಯೋಜನಗಳವರೆಗೆ ಹಬ್ಬಿರುವುದೆಂದೂ ಮೇಘವಿದ್ಯುದಾದಿಗಳು ಅದರಲ್ಲಿಯೇ ಉಂಟಾಗುವುವೆಂದೂ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಹೇಳಿದ್ದಾರೆ. ಯೋಜನದ ಪ್ರಮಾಣವು ಗ್ರಂಥಗ್ರಂಥಕ್ಕೂ ಭಿನ್ನವಾಗಿರುವುದರಿಂದ ಆ ಸಂಖ್ಯೆಯನ್ನು ಇಂದಿನ ಅಳತೆಗಳೊಡನೆ ಸರಿಹೊಂದಿಸಲು ಹವಣಿಸುವುದು ಯುಕ್ತವಲ್ಲ. ಕೈಗೆಟುಕದ ವಾಯುವನ್ನು ಅಳೆಯುವ ಬಗೆ ಯಾವುದೆಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ನೆಲದಿಂದ 80 ಮೊದಲ್ಗೊಂಡು 105 ಕಿಲೋಮೀಟರುಗಳವರೆಗಿನ ಪ್ರದೇಶಕ್ಕೆ ಬೆಲೂನುಗಳು ಏರಲಾರವು; ಉಪಗ್ರಹಗಳು ಅಷ್ಟು ಕೆಳಗೆ ನಿಂತು ಸುತ್ತಲಾರವು; ರಾಕೆಟ್ಟು ಸ್ವಲ್ಪಕಾಲದಲ್ಲಿಯೇ ಹಾದುಹೋಗುವುದು. ಆದುದರಿಂದ ಎಡೆಬಿಡದ ಪರೀಕ್ಷೆಗೆ ನೆಲದಿಂದ ಮಾಡುವ ಅನುಮಾನವೇ ಶರಣು. ಅನುಮಾನಕ್ಕೆ ಲಿಂಗವು ಬೇಕಷ್ಟೆ. ಉಲ್ಕೆಗಳು ಉರಿದು ಬಿಟ್ಟುಹೋದ ಸೋಡಿಯಂ ಪರಮಾಣುಗಳು ಅಲ್ಲಿ ತೆಳುವಾದ ಪದರವಾಗಿ ಹರಡಿವೆ; ಅವೇ ಇಲ್ಲಿ ಲಿಂಗ.

ಸೋಡಿಯಂ 589 ನ್ಯಾನೋಮೀಟರು ತರಂಗದ ಹಳದಿ ಬೆಳಕನ್ನು ಹೀರಿ ಮರಳಿ ಸೂಸುವುದು. ಅದೇ ವರ್ಣದ ಲೇಸರ್ ರಶ್ಮಿಯನ್ನು ಮಿಡಿತಮಿಡಿತವಾಗಿ ಮೇಲಕ್ಕೆ ಹಾಯಿಸಿದರೆ ಅದರ ಅತ್ಯಲ್ಪಾಂಶವು ಹಿಂದಿರುಗಿ ದೂರದರ್ಶಕವನ್ನು ಸೇರುವುದು. 90 ಕಿಲೋಮೀಟರು ಎತ್ತರಕ್ಕೆ ಹೋಗಿಬರಲು ಬೆಳಕಿಗೆ ಹಿಡಿಯುವ ಕಾಲ 0.0006 ಸೆಕೆಂಡು, ಹೀಗೆ ಕಾಲದಿಂದ ಎತ್ತರವು ತಿಳಿಯುವುದು. 1969ರಲ್ಲಿ ಬೌಮನ್, ಗಿಬ್ಸನ್, ಸ್ಯಾಂಡ್‌ಫರ್ಡ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಈ ಪದರವನ್ನು ಲೇಸರಿನಿಂದ ಅಳೆದ ವರದಿಯನ್ನು ಪ್ರಕಟಿಸಿದರು.

ಈ ಪರಮಾಣುಗಳು ಸುತ್ತಣ ವಾಯುಕಣಗಳೊಡನೆ ಸದಾ ತಾಕಲಾಡುತ್ತ ವಾಯುವಿನ ಉಷ್ಣವನ್ನೂ ಚಲನವನ್ನೂ ತಾವೂ ಹೊಂದುವುವು; ಅನುಮಾನಕ್ಕೆ ಆಧಾರವಾದ ವ್ಯಾಪ್ತಿಯು ಇದೇ. ಉಷ್ಣವೇರಿದಂತೆ ಅವು ಎಲ್ಲ ದಿಕ್ಕುಗಳಿಗೂ ಹೆಚ್ಚು ವೇಗದಿಂದ ಚಲಿಸುವುದರಿಂದ ಹೀರುವ ವರ್ಣರೇಖೆಯು ಅಗಲವಾಗುವುದು. ಗಾಳಿಯು ರಶ್ಮಿಯ ದಾರಿಯಲ್ಲಿ ಬೀಸಿದರೆ ರೇಖೆಯೇ ಒಂದು ಕಡೆಗೆ ಸರಿಯುವುದು. ಲೇಸರನ್ನು ರೇಖೆಯ ನಡುವಿಗೂ ಎಡಬಲಗಳಿಗೂ ಸರದಿಯಾಗಿ ಹೊಂದಿಸಿ ನೋಡಿದರೆ, ಎಡಬಲಗಳ ಮೊತ್ತವನ್ನು ನಡುವಿನೊಡನೆ ಹೋಲಿಸಿ ಉಷ್ಣಮಾನವನ್ನೂ, ಎಡಬಲಗಳ ವ್ಯತ್ಯಾಸದಿಂದ ಗಾಳಿಯ ವೇಗವನ್ನೂ ನಿರ್ಣಯಿಸಬಹುದು. ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಶೀ ಮತ್ತು ಯು ಎಂಬವರು ಈ ಎರಡನ್ನೂ ಒಟ್ಟಿಗೆ ಅಳೆದ ಕ್ರಮವನ್ನು 1994ರಲ್ಲಿ ಪ್ರಕಟಿಸಿದರು. ನೆಟ್ಟಗೆ ಹಾಯುವ ರಶ್ಮಿಯು ಏರಿಳಿಯುವ ಚಲನವನ್ನು ಮಾತ್ರ ತೋರುವುದರಿಂದ, ಅಡ್ಡಗಾಳಿಯನ್ನು ಅರಿಯಲು ಅದನ್ನು ಓರೆಯಾಗಿ ಹಾಯಿಸಬೇಕು.

ಈ ಪ್ರದೇಶದ ಸ್ವಭಾವವು ಲೋಕಾನುಭವಕ್ಕೆ ವಿರುದ್ಧವಾದುದು. ಸೂರ್ಯನು ಮುಳುಗದ ಧ್ರುವದ ಬೇಸಗೆಯಲ್ಲಿಯೇ ಅಲ್ಲಿ ಶೈತ್ಯವು ಪರಮಾವಧಿಗೆ ಮುಟ್ಟಿ ಸೊನ್ನೆಗಿಂತ 130 ಡಿಗ್ರಿ ಸೆಲ್ಸಿಯಸ್ ಕೆಳಗೂ ಇಳಿಯುವುದು. ಕೆಳಗಣಿಂದ ಏರಿದ ವಾಯುತರಂಗಗಳು ಅಲ್ಲಿ ಒಡೆದು ಹುಟ್ಟಿಸುವ ಪ್ರವಾಹದಲ್ಲಿ ಧ್ರುವದ ಗಾಳಿಯು ಮೇಲಕ್ಕೇರಿ, ಹಿಗ್ಗಿ ತಣ್ಣಗಾಗುವುದೇ ಇದಕ್ಕೆ ಕಾರಣ. ನೆಲದ ಬಳಿ ಬಿಸಿಯನ್ನು ಹೆಚ್ಚಿಸುವ ಇಂಗಾಲದ ಡೈಆಕ್ಸೈಡು ಮೇಲಣ ವಾಯುವಿನಿಂದ ಉಷ್ಣವನ್ನು ಆಕಾಶಕ್ಕೆ ಚೆಲ್ಲಿ ಅದನ್ನು ತಂಪಾಗಿಸುವುದು. ಆ ತಂಪು ಎಷ್ಟೆಂದು ನಿಶ್ಚಯಿಸಲು ಸೂರ್ಯಚಕ್ರದ 11 ವರ್ಷಗಳನ್ನೂ ಮೀರಿದ ಅವಿಚ್ಛಿನ್ನ ಪರೀಕ್ಷೆಯು ಬೇಕು.