ಬಿಸಿಲು, ಗಾಳಿ ಮತ್ತು ಬಯಲು ಸೀಮೆಯ ಹಕ್ಕಿಗಳು

ವಿಜಯದಶಮಿಯ ಸಂಜೆ ಬನ್ನಿ ಮುಡಿಯಲು ಹೊರಟ ಕೋಸಗಿ ಸೀಮೆಯ ಜನರು ಊರ ಹೊರಗೆ ಬಂದೊಡನೆ ತಲೆಯೆತ್ತಿ ನೋಡುವುದು ವಿದ್ಯುತ್ ತಂತಿಗಳ ಕಡೆಗೆ. ಆ ದಿನ ನೀಲಕಂಠ ಪಕ್ಷಿಯ ದರ್ಶನವಾದರೆ ವರ್ಷವಿಡೀ ಶುಭವೆಂಬುದು ಹಿರಿಯರ ನಂಬಿಕೆ. ತೆಲುಗಿನಲ್ಲಿ ಪಾಲಪಿಟ್ಟ, ಕನ್ನಡದಲ್ಲಿ ನೀಲಕಂಠ. ಹೆಸರು ಎರಡಾದರೂ ಹಕ್ಕಿ ಒಂದೇ. ತೆಲಂಗಾಣಕ್ಕೂ ಕರ್ನಾಟಕಕ್ಕೂ ಅದೇ ರಾಜ್ಯಪಕ್ಷಿ. ರಾಜ್ಯಗಳ ಗಡಿ ಅದಕ್ಕೆ ತಿಳಿಯದು. ಅದಕ್ಕೆ ಬೇಕಾದುದು ತೆರೆದ ಬಯಲು, ಹುಲ್ಲಿನ ನಡುವೆ ಮಿಡತೆ, ಮತ್ತು ಕುಳಿತು ಬೇಟೆಯನ್ನು ಕಾಯಲು ಒಂದು ಎತ್ತರದ ತಾಣ. ಮರಗಳು ವಿರಳವಾದ ಈ ಸೀಮೆಯಲ್ಲಿ ಆ ತಾಣ ಬಹುಮಟ್ಟಿಗೆ ವಿದ್ಯುತ್ ತಂತಿಯೇ.

ಬಿಸಿಲನ್ನೂ ಗಾಳಿಯನ್ನೂ ವಿದ್ಯುತ್ತಾಗಿ ಮಾಡುವ ಕಾರ್ಯ ದೇಶದೆಲ್ಲೆಡೆ ಭರದಿಂದ ನಡೆದಿದೆ. 2030ರೊಳಗೆ ಪಳೆಯುಳಿಕೆ ಇಂಧನಗಳಿಂದಲ್ಲದ 500 ಗಿಗಾವ್ಯಾಟ್ ಸಾಮರ್ಥ್ಯವನ್ನು ಹೊಂದಬೇಕೆಂಬುದು ಭಾರತದ ಗುರಿ. ಈ ಕಾರ್ಯಕ್ಕೆ ಮೊದಲು ಆಯ್ಕೆಯಾಗುವುದು ಮಳೆ ಕಡಿಮೆ, ಬಿಸಿಲು ಹೆಚ್ಚು, ನೆಲದ ಬೆಲೆ ಅಗ್ಗವಾಗಿರುವ ಬಯಲು ಸೀಮೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಿಂದ ರಾಯಚೂರು, ಬಳ್ಳಾರಿ, ಕರ್ನೂಲುಗಳವರೆಗೆ ಹಬ್ಬಿರುವ ನೆಲ ಅಂಥದೇ. ಶುದ್ಧವೆನಿಸಿದ ಈ ವಿದ್ಯುತ್ತಿನಿಂದ ಬಯಲಿನ ಹಕ್ಕಿಗಳಿಗೆ ಏನಾಗುತ್ತಿದೆ ಎಂಬ ಪ್ರಶ್ನೆ ಆದುದರಿಂದ ಇಲ್ಲಿಯವರಿಗೆ ದೂರದ ಪ್ರಶ್ನೆಯಲ್ಲ.

ತಂತಿಯ ಎರಡು ಅಪಾಯಗಳು

ತಂತಿಯ ಮೇಲೆ ಕುಳಿತ ನೀಲಕಂಠ ಏಕೆ ಸಾಯುವುದಿಲ್ಲವೆಂದು ಮಕ್ಕಳು ಕೇಳುವುದುಂಟು. ಹಕ್ಕಿಯ ಎರಡು ಕಾಲುಗಳೂ ಒಂದೇ ತಂತಿಯ ಮೇಲಿರುವಾಗ ಅವುಗಳ ನಡುವೆ ವಿದ್ಯುತ್ ಒತ್ತಡದ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ದೇಹದ ಮೂಲಕ ವಿದ್ಯುತ್ ಹರಿಯುವುದಿಲ್ಲ. ಹದ್ದು, ಗೂಬೆ, ಕೊಕ್ಕರೆಗಳಂಥ ದೊಡ್ಡ ಹಕ್ಕಿಗಳ ಪಾಡು ಬೇರೆ. ಕಂಬದ ಅಡ್ಡಪಟ್ಟಿಯ ಮೇಲೆ ಕುಳಿತು ರೆಕ್ಕೆ ಬಿಚ್ಚಿದಾಗ ಅದು ಒಮ್ಮೆಗೇ ಎರಡು ತಂತಿಗಳಿಗೋ, ತಂತಿಗೂ ಕಬ್ಬಿಣಕ್ಕೂ ತಗುಲಿದರೆ ಕ್ಷಣದಲ್ಲಿ ಸಾವು. ಇದು ಮೊದಲನೆಯ ಅಪಾಯ.

ಎರಡನೆಯದು ಡಿಕ್ಕಿ. ದೂರದ ಸ್ಥಾವರದಿಂದ ವಿದ್ಯುತ್ತನ್ನು ಒಯ್ಯುವ ಎತ್ತರದ ತಂತಿಗಳು ಹಾರುವ ದಾರಿಗೆ ಅಡ್ಡವಾಗಿ ನಿಲ್ಲುತ್ತವೆ. ಮುಂಜಾವಿನ ಮಬ್ಬಿನಲ್ಲಿ, ಮಂಜಿನಲ್ಲಿ, ರಾತ್ರಿಯಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ಎಲ್ಲಕ್ಕೂ ಮೇಲೆ, ಮಿಂಚಿನಿಂದ ರಕ್ಷಿಸಲು ಹಾಯಿಸಿದ ತೆಳುವಾದ ತಂತಿ ಇನ್ನೂ ಅಪಾಯಕರ. ಗಾಳಿಗಿರಣಿ ಮತ್ತು ಸೌರ ಸ್ಥಾವರಗಳು ಸಾಮಾನ್ಯವಾಗಿ ಊರಿಂದ ದೂರ ನಿಲ್ಲುವುದರಿಂದ ಅವುಗಳೊಡನೆ ತಂತಿಗಳೂ ಬಯಲನ್ನು ಸೀಳಿಕೊಂಡು ಬರುತ್ತವೆ. ಜನರ ಕಣ್ಣು ಗಿರಣಿಯ ಮೇಲಿದ್ದರೂ ಹಲವು ಕಡೆ ಹಕ್ಕಿಗಳಿಗೆ ಹೆಚ್ಚಿನ ಹಾನಿ ಈ ತಂತಿಗಳಿಂದಲೇ.

ಎರೆಭೂತದ ಕಥೆ

ತಂತಿಯ ಹಾನಿಯನ್ನು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದ ಹಕ್ಕಿ ಎರೆಭೂತ. ಎರ್ಲಡ್ಡು ಎಂದೂ ಇದಕ್ಕೆ ಹೆಸರುಂಟು. ತೆಲುಗರು ಬಟ್ಟಮೇಕ ಎನ್ನುತ್ತಾರೆ. ಸುಮಾರು ಒಂದು ಮೀಟರ್ ಎತ್ತರ, ಗಂಡು ಹಕ್ಕಿಯ ತೂಕ 15 ಕಿಲೋವರೆಗೆ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಕೆಲವೇ. ಹೆಣ್ಣು ಬರಿಯ ನೆಲದ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಇದರ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ನೇರ ಮುಂದಿನ ನೋಟ ಕಿರಿದು. ತಂತಿ ಕಾಣುವ ಹೊತ್ತಿಗೆ ಭಾರವಾದ ದೇಹವನ್ನು ತಿರುಗಿಸಲು ಸಮಯವಿರುವುದಿಲ್ಲ.

ಈ ಹಕ್ಕಿ ಈಗ ಉಳಿದಿರುವುದು 150ಕ್ಕೂ ಕಡಿಮೆ. ಅದರಲ್ಲಿ ಬಹುಪಾಲು ರಾಜಸ್ಥಾನದ ತಾರ್ ಮರುಭೂಮಿಯಲ್ಲಿ. ಅಲ್ಲಿನ ಸುಮಾರು 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಂತಿಗಳಿಂದ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತವೆಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿದೆ. ಅವುಗಳಲ್ಲಿ ಎರೆಭೂತ ಕೆಲವೇ ಇರಬಹುದು. ಆದರೆ ವರ್ಷಕ್ಕೊಂದು ಮೊಟ್ಟೆಯಿಡುವ ಹಕ್ಕಿಗೆ ಆ ಕೆಲವೇ ಸಾವುಗಳು ಸಾಕು. 2021ರ ಏಪ್ರಿಲ್ 19ರಂದು ಸರ್ವೋಚ್ಚ ನ್ಯಾಯಾಲಯ ರಾಜಸ್ಥಾನ ಮತ್ತು ಗುಜರಾತಿನ ವಿಶಾಲ ಪ್ರದೇಶದಲ್ಲಿ ತಂತಿಗಳನ್ನು ಸಾಧ್ಯವಾದೆಡೆ ನೆಲದಡಿ ಹೂಳಬೇಕೆಂದು ಆದೇಶಿಸಿತು. ಅಷ್ಟು ವಿಸ್ತಾರಕ್ಕೆ ಇದು ಆಗದ ಕಾರ್ಯವೆಂದು ಸರ್ಕಾರ ಅರಿಕೆ ಮಾಡಿಕೊಂಡಿತು. 2024ರ ಮಾರ್ಚ್ 21ರಂದು ನ್ಯಾಯಾಲಯ ತನ್ನ ಆದೇಶವನ್ನು ಮಾರ್ಪಡಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ಜನರ ಹಕ್ಕೆಂದು ಹೇಳಿದ್ದೂ ಆ ತೀರ್ಪಿನಲ್ಲಿಯೇ. ಹಕ್ಕಿಯ ಉಳಿವು, ಮನುಷ್ಯನ ಉಳಿವು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾದ ಕಷ್ಟ ನ್ಯಾಯಾಲಯಕ್ಕೂ ಒದಗಿತು.

ಎರೆಭೂತ ಮರುಭೂಮಿಯ ಹಕ್ಕಿಯೆಂದು ಭಾವಿಸುವುದು ತಪ್ಪು. ಎರೆ ಎಂದರೆ ಕಪ್ಪು ಮಣ್ಣು. ಹೆಸರೇ ಈ ಸೀಮೆಯ ನೆಲದಿಂದ ಬಂದದ್ದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಬಯಲಿನಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಉಳಿದಿವೆ. ಗದ್ವಾಲದಿಂದ ತುಂಗಭದ್ರೆಯನ್ನು ದಾಟಿ ಕರ್ನೂಲಿನ ಆಚೆಗೆ ಹೋದರೆ ಸಿಗುವ ರೊಳ್ಳಪಾಡಿನಲ್ಲಿ ಇವುಗಳಿಗಾಗಿಯೇ 1988ರಲ್ಲಿ ಅಭಯಾರಣ್ಯ ಸ್ಥಾಪನೆಯಾಯಿತು. ಆ ಕಾಲದಲ್ಲಿ ಹತ್ತಾರು ಹಕ್ಕಿಗಳು ಅಲ್ಲಿ ಕಾಣುತ್ತಿದ್ದವು. ಬರಬರುತ್ತ ಸುತ್ತಲಿನ ಹುಲ್ಲುಗಾವಲು ಹೊಲವಾಯಿತು, ಕಾಲುವೆ ನೀರು ಬಂದಿತು, ಬೆಳೆಯ ಕ್ರಮ ಬದಲಾಯಿತು. ಹಕ್ಕಿಗಳು ಕಣ್ಮರೆಯಾಗುತ್ತ ಹೋದವು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ 1974ರಲ್ಲಿ ಅಭಯಾರಣ್ಯವಾದ ನೆಲದಲ್ಲಿಯೂ ಎರೆಭೂತವಿತ್ತು. ಅಲ್ಲಿ ಬಯಲನ್ನು ಹಸಿರಾಗಿಸಲು ನೀಲಗಿರಿ ಮರಗಳನ್ನು ಬೆಳೆಸಲಾಯಿತು. ತೆರೆದ ಬಯಲು ಮುಚ್ಚಿಹೋಯಿತು, ಹಕ್ಕಿ ಇಲ್ಲವಾಯಿತು. ಈ ಎರಡು ಕಡೆಯೂ ಹಕ್ಕಿಯನ್ನು ಕಳೆದದ್ದು ಗಾಳಿಗಿರಣಿಯಲ್ಲ, ಸೌರ ಫಲಕವಲ್ಲ. ನೀರಾವರಿ, ಅರಣ್ಯೀಕರಣ ಎಂಬ ಸದುದ್ದೇಶದ ಕೆಲಸಗಳೇ, ಬಯಲೆಂದರೆ ಏನೂ ಇಲ್ಲದ ನೆಲವೆಂಬ ಎಣಿಕೆಯಿಂದ ನಡೆದಾಗ ಹೀಗಾಯಿತು. ಅದೇ ಎಣಿಕೆಯಿಂದ ಹೊರಟರೆ ಶುದ್ಧ ವಿದ್ಯುತ್ತೂ ಅದೇ ಫಲವನ್ನು ತರಬಲ್ಲದು.

ಗಾಳಿಗಿರಣಿಯ ಲೆಕ್ಕ

ಗಾಳಿಗಿರಣಿಗಳ ಹಾನಿಯ ಬಗ್ಗೆ ಊಹೆಗಿಂತ ಎಣಿಕೆ ಮೇಲು. ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿಯ ಬಳಿಯ ಗಿರಣಿಗಳಲ್ಲಿಯೂ ಗುಜರಾತಿನ ಕಚ್ಛಿನಲ್ಲಿಯೂ ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ವಿಜ್ಞಾನಿಗಳು 2011ರಿಂದ 2014ರವರೆಗೆ ಸತ್ತ ಹಕ್ಕಿಗಳನ್ನು ಹುಡುಕಿ ಎಣಿಸಿದರು. ಎರಡೂ ಕಡೆ ಒಂದು ಗಿರಣಿಗೆ ವರ್ಷಕ್ಕೆ ಅರ್ಧ ಹಕ್ಕಿಗೂ ಸ್ವಲ್ಪ ಕಡಿಮೆಯೆಂಬ ಅಂದಾಜು ದೊರೆಯಿತು. ಅಂದರೆ ನೂರು ಗಿರಣಿಗಳಿಗೆ ವರ್ಷಕ್ಕೆ ಐವತ್ತರ ಒಳಗೆ. ಸಂಖ್ಯೆ ಭಯಂಕರವಲ್ಲ. ಆದರೆ ಸಾಯುವ ಹಕ್ಕಿ ಯಾವುದೆಂಬುದು ಮುಖ್ಯ. ಗುಬ್ಬಿ ಪಾರಿವಾಳಗಳ ನಷ್ಟ ಬೇಗ ತುಂಬುತ್ತದೆ. ತಡವಾಗಿ ಪ್ರಾಯಕ್ಕೆ ಬಂದು ವರ್ಷಕ್ಕೆ ಒಂದೆರಡು ಮರಿ ಸಾಕುವ ಹದ್ದಿನ ನಷ್ಟ ಬೇಗ ತುಂಬುವುದಿಲ್ಲ.

ಸಾವಲ್ಲದ ಪರಿಣಾಮವೂ ಇದೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಿರಣಿಗಳಿರುವ ಕಡೆ ಬೇಟೆಗಾರ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ವಿರಳವಾಗಿದ್ದವು. ಹಕ್ಕಿಗಳ ಭಯ ಕಡಿಮೆಯಾದ್ದರಿಂದ ಅಲ್ಲಿ ಬೀಸಣಿಗೆಯಂಥ ಕೊರಳಿನ ಓತಿಕ್ಯಾತಗಳ ಸಂಖ್ಯೆ ಹೆಚ್ಚಿತ್ತು. ಸಂಖ್ಯೆ ಹೆಚ್ಚಿದಂತೆ ಅವು ತೆಳುವಾಗಿದ್ದವು. ಮನುಷ್ಯ ಹತ್ತಿರ ಬಂದರೂ ಬೇಗ ಓಡುತ್ತಿರಲಿಲ್ಲ. ಮೇಲೆ ಗಿರಣಿಯ ರೆಕ್ಕೆ ತಿರುಗಿದರೆ ಕೆಳಗೆ ಹುಲ್ಲಿನಲ್ಲಿರುವ ಜೀವದ ನಡತೆಯೂ ಬದಲಾಗುತ್ತದೆ ಎಂಬುದನ್ನು ಈ ಅಧ್ಯಯನ ತೋರಿಸಿತು.

ಫಲಕಗಳ ಕೆಳಗಿನ ನೆಲ

ಸೌರ ಫಲಕ ತಿರುಗುವುದಿಲ್ಲ, ಹೊಡೆಯುವುದಿಲ್ಲ. ಅದಕ್ಕೆ ಬೇಕಾದುದು ನೆಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಉದ್ಯಾನ ಹಬ್ಬಿದೆ. ಕರ್ನೂಲು ಸೀಮೆಯ ಪಾಣ್ಯಂ ಬಳಿ 1,000 ಮೆಗಾವ್ಯಾಟಿನ ಮತ್ತೊಂದು 2017ರಿಂದ ನಡೆಯುತ್ತಿದೆ. ಪಾವಗಡದ ರೈತರು ಸತತ ಬರದಿಂದ ನೊಂದು ಹೊಲಗಳನ್ನು ಗುತ್ತಿಗೆಗೆ ಕೊಟ್ಟರು. ವರ್ಷಕ್ಕೊಮ್ಮೆ ಬರುವ ಹಣ ಅನೇಕ ಕುಟುಂಬಗಳಿಗೆ ಆಸರೆಯಾಯಿತು. ಬರದ ನಾಡಿನ ಮನೆಗಳಿಗೆ ಈ ಆಸರೆಯ ಬೆಲೆ ತಿಳಿದಿದೆ.

ಹಕ್ಕಿಗಳ ಕಡೆಯಿಂದ ನೋಡಿದರೆ ಚಿತ್ರ ಬೇರೆ. ದಕ್ಷಿಣ ಆಫ್ರಿಕದ ಒಂದು ಸೌರ ಸ್ಥಾವರದೊಳಗೆ 38 ಜಾತಿಯ ಹಕ್ಕಿಗಳೂ ಅದರ ಅಂಚಿನ ಬಯಲಿನಲ್ಲಿ 50 ಜಾತಿಗಳೂ ಕಂಡವು. ಸಾವು ಕಡಿಮೆ, ಆದರೆ ಕೆಲವು ಜಾತಿಗಳು ಒಳಗೆ ಬರುವುದನ್ನೇ ಬಿಟ್ಟಿದ್ದವು. ನೆಲಗುಬ್ಬಿ, ಗೌಜಲು, ಲಾವಕ್ಕಿ, ಟಿಟ್ಟಿಭಗಳು ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳು. ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಸೆಳೆವಗಳು ರಾತ್ರಿ ಮಲಗುವುದೂ ಮರದ ಮೇಲಲ್ಲ, ಎತ್ತರದ ಹುಲ್ಲಿನ ನಡುವೆ. ಹುಲ್ಲನ್ನು ಕೆತ್ತಿ, ನೆಲವನ್ನು ಸಮ ಮಾಡಿ, ಬೇಲಿ ಹಾಕಿದ ಮೇಲೆ ಅವುಗಳಿಗೆ ಅಲ್ಲಿ ಜಾಗವಿಲ್ಲ. ಕುರಿ ಮೇಯಿಸುವವರಿಗೂ ಇಲ್ಲ.

ನೀರಿನ ವಿದ್ಯುತ್ತೂ ಈ ಲೆಕ್ಕಕ್ಕೆ ಹೊರತಲ್ಲ. ಕೃಷ್ಣೆಗೆ ಅಡ್ಡವಾಗಿ ನಿಂತ ಜುರಾಲದಂಥ ಜಲಾಶಯಗಳು ನೀರಹಕ್ಕಿಗಳಿಗೆ ತಾಣವೊದಗಿಸುತ್ತವೆ. ಆದರೆ ನದಿಯ ಮರಳ ದಿಬ್ಬಗಳಲ್ಲಿ, ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಮೊಟ್ಟೆಯಿಡುವ ರೀವದಂಥ ಹಕ್ಕಿಗಳಿಗೆ ನೀರಿನ ಮಟ್ಟ ಅಕಾಲದಲ್ಲಿ ಏರಿದರೆ ಒಂದು ವರ್ಷದ ಸಂತಾನವೇ ಮುಳುಗುತ್ತದೆ.

ಹೊಗೆಯ ಲೆಕ್ಕ

ಹಾಗೆಂದು ಬಿಸಿಲು ಗಾಳಿಗಳ ವಿದ್ಯುತ್ ಬೇಡವೆನ್ನುವಂತಿಲ್ಲ. ಕೃಷ್ಣಾ ಮಂಡಲದ ದಡದಲ್ಲಿ ನಿಂತರೆ ಹೊಳೆಯಾಚೆ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. 1985ರಿಂದ ನಡೆಯುತ್ತಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್. ಕಲ್ಲಿದ್ದಲನ್ನು ಸುಡುವುದರಿಂದ ಬರುವ ಬೂದಿ, ಹೊಗೆ, ಏರುವ ತಾಪ ಇವೂ ಹಕ್ಕಿಗಳನ್ನು ಕೊಲ್ಲುತ್ತವೆ. ಅದು ತಂತಿಯ ಕೆಳಗೆ ಬಿದ್ದ ಶವದಂತೆ ಎಣಿಕೆಗೆ ಸಿಗುವುದಿಲ್ಲ, ಅಷ್ಟೇ. ಮಳೆ ತಪ್ಪಿದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಮಿಡತೆಯಿಲ್ಲ, ಮಿಡತೆಯಿಲ್ಲದಿದ್ದರೆ ನೀಲಕಂಠವೂ ಇಲ್ಲ. ವಿದ್ಯುತ್ ಬೇಕೇ ಹಕ್ಕಿ ಬೇಕೇ ಎಂದು ಕೇಳುವುದರಿಂದ ಉಪಯೋಗವಿಲ್ಲ. ಸ್ಥಾವರವನ್ನು ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದೇ ಕೇಳಬೇಕಾದ ಪ್ರಶ್ನೆ.

ಉತ್ತರಗಳು ಇಲ್ಲದಿಲ್ಲ. ಹಕ್ಕಿಗಳ ಮುಖ್ಯ ದಾರಿಗಳಲ್ಲಿ ತಂತಿಯನ್ನು ಹೂಳಬಹುದು. ಉಳಿದೆಡೆ ಗಾಳಿಗೆ ತಿರುಗುವ, ಹೊಳೆಯುವ ಬಿಲ್ಲೆಗಳನ್ನು ತೂಗಹಾಕಬಹುದು. ಕಂಬಗಳ ಬಳಿ ತಂತಿಗೆ ಹೊದಿಕೆ ಹಾಕಬಹುದು. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ನಾಲ್ಕು ಗಿರಣಿಗಳ ಒಂದೊಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಸುಮಾರು ಶೇಕಡ 70ರಷ್ಟು ಇಳಿಯಿತು. ಪ್ರಯೋಗ ಚಿಕ್ಕದಾದರೂ ಖರ್ಚು ಅಲ್ಪ. ಸ್ಪೇನಿನ ತಾರೀಫಾದಲ್ಲಿ ರಣಹದ್ದುಗಳು ಸಮೀಪಿಸಿದಾಗ ಗಿರಣಿಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದರಿಂದ ಅವುಗಳ ಸಾವು ಅರ್ಧಕ್ಕಿಳಿಯಿತು. ವಿದ್ಯುತ್ತಿನ ನಷ್ಟ ಶೇಕಡ 0.07 ಮಾತ್ರ. ಸೌರ ಫಲಕಗಳಿಗೆ ಹೊಸ ಬಯಲೇ ಬೇಕೆಂದಿಲ್ಲ. ಗುಜರಾತಿನಲ್ಲಿ 2012ರಲ್ಲಿಯೇ ಕಾಲುವೆಯ ಮೇಲೆ ಫಲಕಗಳನ್ನು ಹಾಸಲಾಯಿತು. ತೆಲಂಗಾಣದ ರಾಮಗುಂಡದಲ್ಲಿ ಜಲಾಶಯದ ಮೇಲೆ ತೇಲುವ 100 ಮೆಗಾವ್ಯಾಟ್ ಸ್ಥಾವರ 2022ರಿಂದ ನಡೆದಿದೆ. ಮನೆಯ ಮಾಳಿಗೆಯ ಮೇಲಿನ ಫಲಕಗಳಿಗೆ 2024ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ 78,000 ರೂಪಾಯಿಯವರೆಗೆ ನೆರವು ನೀಡುತ್ತದೆ. ಮಾಳಿಗೆಯ ಮೇಲೆ ಉತ್ಪತ್ತಿಯಾಗುವ ವಿದ್ಯುತ್ತಿಗೆ ಹೊಸ ಬಯಲೂ ಬೇಡ, ಉದ್ದನೆಯ ತಂತಿಯೂ ಬೇಡ.

ಪಹಣಿಯಲ್ಲಿ ಇಲ್ಲದ ಹೆಸರು

ಇಷ್ಟಾದರೂ ದೊಡ್ಡ ಸ್ಥಾವರಗಳು ಬರುತ್ತವೆ, ಬರಲೇಬೇಕು. ಅವುಗಳಿಗೆ ನೆಲವನ್ನು ಆರಿಸುವಾಗ ಅಧಿಕಾರಿಗಳ ಕೈಯಲ್ಲಿರುವುದು ಕಂದಾಯದ ದಾಖಲೆ. ಅದರಲ್ಲಿ ಬಂಜರು, ಬೀಳು, ಪೋರಂಬೋಕು ಎಂಬ ಪದಗಳಿವೆ. ನೆಲಗುಬ್ಬಿ, ಸೆಳೆವ, ಎರೆಭೂತ ಎಂಬ ಪದಗಳಿಲ್ಲ. ಸೌರ ಮತ್ತು ಗಾಳಿ ಸ್ಥಾವರಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಮುಂಗಡ ಪರಿಸರ ಅನುಮತಿಯ ಅಗತ್ಯವೂ ಇಲ್ಲ. ಹೀಗಾಗಿ ಒಂದು ಬಯಲಿನಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆಂಬ ಪ್ರಶ್ನೆಯನ್ನು ಯಾರೂ ಕೇಳದೆಯೇ ಬೇಲಿ ಏಳಬಹುದು.

ಮಕ್ತಲ್, ಮಾಗನೂರು, ಕೃಷ್ಣಾ ಮಂಡಲಗಳ ಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡುಗಳು ತಿರುಗಾಡುತ್ತವೆ. ಬೆಳೆ ತಿಂದುವೆಂದು ರೈತರು ದೂರುವುದೂ ಹೊಸದಲ್ಲ. ಹುಲ್ಲೆಗಳಿರುವ ನೆಲ ಹುಲ್ಲುಗಾವಲಿನ ನೆಲ. ಅದು ಬರಡಲ್ಲವೆಂಬುದಕ್ಕೆ ಅವೇ ಸಾಕ್ಷಿ. ಬೀಳು ಕಡಿಮೆಯಾದಷ್ಟೂ ಅವು ಹೊಲಕ್ಕೆ ನುಗ್ಗುತ್ತವೆ ಎಂಬುದನ್ನೂ ಮರೆಯಬಾರದು.

ದಾಖಲೆಯ ಈ ಕೊರತೆಯನ್ನು ತುಂಬಲು ಕಾನೂನಿನಲ್ಲಿ ಒಂದು ಅವಕಾಶವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಪಕ್ಷಿಗಳನ್ನು ಜನರೇ ಹೇಳಿ ಬರೆಸುವ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಆ ದಾಖಲೆಗೆ ಬೇಕಾದ ತಿಳಿವಳಿಕೆ ಕುರಿಗಾಹಿಗಳಲ್ಲಿ, ಅಜ್ಜ ಅಜ್ಜಿಯರಲ್ಲಿ ಇದೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದುವ ಮಕ್ಕಳು ತಮ್ಮೂರ ಹಕ್ಕಿಗಳ ಹೆಸರನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದಿಡಬಲ್ಲರು. ಯಾವ ಹಕ್ಕಿ, ಯಾವ ತಿಂಗಳು, ಯಾವ ಬೀಳಿನಲ್ಲಿ; ಗೂಡು ಕಂಡಿತೇ; ತಂತಿಯ ಕೆಳಗೆ ಸತ್ತ ಹಕ್ಕಿ ಇತ್ತೇ: ಒಂದು ನೋಟುಪುಸ್ತಕಕ್ಕೆ ಇಷ್ಟು ಸಾಕು. ಸತ್ತ ಹಕ್ಕಿಯನ್ನು ಮುಟ್ಟಬಾರದು, ತುಂಡಾದ ತಂತಿಯ ಬಳಿ ಸುಳಿಯಬಾರದು ಎಂಬ ಎಚ್ಚರಿಕೆಯನ್ನು ಮಾತ್ರ ಹಿರಿಯರು ಮೊದಲೇ ಹೇಳಬೇಕು.

ಮುಂದಿನ ವಿಜಯದಶಮಿಗೆ ನೀಲಕಂಠವನ್ನು ಕಂಡ ಮಗು ಕೈಮುಗಿದ ಬಳಿಕ ದಿನಾಂಕವನ್ನೂ ಹೊಲದ ಹೆಸರನ್ನೂ ಬರೆದುಕೊಳ್ಳಲಿ. ನಾಲ್ಕಾರು ವರ್ಷ ಹೀಗೆ ತುಂಬಿದ ಪುಸ್ತಕವನ್ನು ಗ್ರಾಮಸಭೆಯ ಮುಂದಿಟ್ಟ ಊರಿನಲ್ಲಿ, ಆ ಬೀಳನ್ನು ಏನೂ ಇಲ್ಲದ ನೆಲವೆಂದು ಬರೆಯುವುದು ಯಾರಿಗೂ ಸುಲಭವಾಗುವುದಿಲ್ಲ.